ಒತ್ತಿ ಹಿಡಿದ ಬಲಗಾಲು

ಲೋಟದ ನೀರು ನಡುಗಿತು, ಒಂದರೊಳಗೊಂದು ಸಣ್ಣ ಸಣ್ಣ ಉಂಗುರ — ಹೊರಗೆ ಬಸ್ಸು ಹೋಗುತ್ತಿದೆ, ಕಿಟಕಿಯ ಗಾಜೂ ಗುಂಯ್ ಎಂದು ಸುಮ್ಮನಾಯಿತು, ಎದುರಿಗೆ ಕೂತ ಡ್ರೈವರ್ ತಲೆ ಎತ್ತದೆಯೇ ಮೂರನೇ ಗೇರು ಬೇಗ ಹಾಕ್ಬಿಟ್ಟ, ಎರಡರಲ್ಲೇ ಇನ್ನೂ ಸ್ವಲ್ಪ ಎಳೀಬೇಕಿತ್ತು ಅಂದ, ಅಂದು ಮತ್ತೆ ಬಾಯಿಗೆ ಬೀಗ ಹಾಕಿಕೊಂಡ. ಬಸ್ಸು ಕಾಣದೆಯೇ ಗೇರು ಕೇಳಿಸುತ್ತದೆ ಇವನಿಗೆ, ಎಂಟು ತಿಂಗಳಿಂದ ಸ್ಟೀರಿಂಗ್ ಮುಟ್ಟದಿದ್ದರೂ ಕಿವಿ ಇನ್ನೂ ಡ್ಯೂಟಿ ಮುಗಿಸಿಲ್ಲ ಎಂದುಕೊಂಡಳು, ತೊಡೆಯ ಮೇಲೆ ಎರಡೂ ಕೈ ಬಿಚ್ಚಿಟ್ಟುಕೊಂಡು ಬೆರಳಿಗೆ ಬೆರಳು ಹೆಣೆಯದಂತೆ ಕಾವಲು ಕಾಯುತ್ತಿದ್ದಾಳೆ, ಯಾಕೆಂದರೆ ಬೆರಳು ಹೆಣೆದರೆ ಸಾಕು ಕಣ್ಣು ತಾನಾಗಿ ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಬಾಯಿ ತಾನಾಗಿ ತೆರೆಯುತ್ತದೆ, ಮೂವತ್ತು ವರ್ಷದ ರೂಢಿ, ಚರ್ಚಿನ ಸಭೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಪ್ರಾರ್ಥನೆ ಅಕ್ಕ ಎಂದೇ ಕರೆಯುವುದು, ಅವಳ ನಿಜವಾದ ಹೆಸರು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಂಡಾರು. ಐವತ್ತೊಂದನೆಯ ವಯಸ್ಸಿನಲ್ಲಿ ಕ್ರೈಸ್ತ ಆಪ್ತಸಮಾಲೋಚನೆಯ ಎಂ.ಎ.ಗೆ ಸೇರಿಕೊಂಡಾಗ ಅತ್ತೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನಮ್ಮ ಅಂದಿದ್ದರು, ಬಗ್ಗಿದೆ ಅತ್ತೆ, ಸೊಂಟವೂ ಬಗ್ಗಿದೆ, ಇವತ್ತು ಕೊನೆಯ ಪ್ರಾಯೋಗಿಕ ಪರೀಕ್ಷೆ, ಗೋಡೆಯ ಆ ಕಪ್ಪು ಗಾಜಿನ ಹಿಂದೆ ಮೇಷ್ಟ್ರು ಕೂತಿದ್ದಾರೆ, ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ, ಕಪಾಟಿನ ಮೇಲೆ ಕ್ಯಾಮೆರಾ, ಅದರ ಕೆಂಪು ಚುಕ್ಕಿ. ಆದರೆ ಎದೆ ಡವಡವ ಎನ್ನುತ್ತಿರುವುದು ಪರೀಕ್ಷೆಗಲ್ಲ. ಒಳಗೆ ಕಾಲಿಡುವಾಗಲೇ ಡ್ರೈವರ್ ಹೇಳಿಬಿಟ್ಟಿದ್ದ, ಇದು ಐದನೇ ಸಲ ಮೇಡಂ, ಇವತ್ತೂ ಹೀಗೇ ಆದ್ರೆ ನಾನಿನ್ನು ಬರಲ್ಲ, ಸೋಮವಾರ ಡಿಪೋದಲ್ಲಿ ಹೇಳ್ಬೇಕು, ಮತ್ತೆ ಗಾಡಿ ಹತ್ತುತೀನೋ ಇಲ್ಲ ಕೆಲಸ ಬಿಡ್ತೀನೋ ಅಂತ. ಹೀಗೇ ಎಂದರೆ ಹೇಗೆ ಎಂದು ಅವಳು ಕೇಳಲಿಲ್ಲ. ಹೇಗೆ ಎಂದು ಅವಳಿಗೆ ಗೊತ್ತಿತ್ತು.

ಹೋದ ಮಂಗಳವಾರದ ತನಕ ಗೊತ್ತಿರಲಿಲ್ಲ, ಅದೇ ಆಶ್ಚರ್ಯ. ಮೊದಲ ಭೇಟಿಯ ವಿಡಿಯೋವನ್ನು ತಾನೇ ಆರಿಸಿ, ಇದೇ ನನ್ನ ಒಳ್ಳೆಯ ಕೆಲಸ ಸಾರ್ ಎಂದು ಹೆಮ್ಮೆಯಿಂದ ಒಯ್ದು ಕೊಟ್ಟವಳು ಅವಳೇ. ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ನಿಲ್ಸಿ ಮೇಷ್ಟ್ರು, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತು ಪಾಸ್ಟರ್ ಕೆಲಸ ಮಾಡಿದವರು, ಒಣಕಲು ಮನುಷ್ಯ, ವಿಡಿಯೋ ಓಡುತ್ತಿರುವಾಗ ನಿಲ್ಸಿ ಎನ್ನುವುದು ಬಿಟ್ಟರೆ ಅವರ ಬಾಯಿಂದ ಬೇರೆ ಮಾತು ಬೀಳುವುದು ಕಡಿಮೆ. ಪರದೆಯ ಮೇಲೆ ಡ್ರೈವರ್ ಕೂತಿದ್ದ, ಹೆಸರು ಹೇಳಿದ, ಎಷ್ಟು ವರ್ಷದ ಸರ್ವೀಸು ಹೇಳಿದ, ಮುದುಕರೊಬ್ಬರು ರಸ್ತೆ ದಾಟುವಾಗ ತನ್ನ ಬಸ್ಸಿಗೆ ಸಿಕ್ಕಿ ಸತ್ತದ್ದು ಹೇಳಿದ, ವಿಚಾರಣೆಯಲ್ಲಿ ಅವನ ತಪ್ಪು ಎಳ್ಳಷ್ಟೂ ಇಲ್ಲವೆಂದು ಬಂತು, ಒದ್ದೆ ರಸ್ತೆ, ಅಡ್ಡ ನಿಂತ ಲಾರಿ, ಬ್ರೇಕು ಹಾಕಬೇಕಾದಲ್ಲೇ ಹಾಕಿದ್ದಾನೆ ಎಂದು ಅಳೆದು ನೋಡಿದವರೇ ಬರೆದುಕೊಟ್ಟಿದ್ದಾರೆ, ಎಲ್ಲ ಹೇಳಿ ಮುಗಿಸಿ, ಆದ್ರೆ ಅವತ್ತು ಬೆಳಿಗ್ಗೆ ಮೇಡಂ — ಎಂದ, ವಿಡಿಯೋದಲ್ಲಿ ಆಗ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು, ಅಷ್ಟೊತ್ತಿಗೆ ಅವಳು ಮುಂದಕ್ಕೆ ಬಾಗಿ ಅವನ ಎರಡೂ ಕೈ ಹಿಡಿದು ಬನ್ನಿ ಪ್ರಾರ್ಥಿಸೋಣ ಎಂದಿದ್ದಳು. ಎಂಥ ಪ್ರಾರ್ಥನೆ ಅದು! ಮಾತು ಹೊಳೆಯ ಹಾಗೆ ಹರಿದಿತ್ತು, ಕರ್ತನೇ ಈ ಮಗನ ಭಾರ ನೀನು ಹೊತ್ತುಕೋ, ಕೊನೆಯಲ್ಲಿ ಅವಳ ಕಣ್ಣೇ ಒದ್ದೆಯಾಗಿತ್ತು. ನಿಲ್ಸಿ. ನಿಲ್ಲಿಸಿದಳು. ಈ ಪ್ರಾರ್ಥನೆ ಯಾರಿಗೆ ಬೇಕಾಗಿತ್ತು? ಅವರಿಗೆ ಸಾರ್. ಅವರು ಕೇಳಿದ್ರಾ? ವಿಡಿಯೋದ ಜೊತೆ ಬರೆದುಕೊಟ್ಟ ವರದಿಯ ಮೂರನೆಯ ಅಂಕಣದಲ್ಲಿ, ಆ ಗಳಿಗೆಯಲ್ಲಿ ನಿಮಗೆ ಅನಿಸಿದ್ದು ಎನ್ನುವ ಕಡೆ, ಅವಳು ಕರುಣೆ ಎಂದು ದುಂಡಗೆ ಬರೆದಿದ್ದಳು, ಮೇಷ್ಟ್ರು ಅದನ್ನು ಹೊಡೆದುಹಾಕಲಿಲ್ಲ, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಭಯ ಎಂದು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕೋಪ ಬಂತು. ಪ್ರಾರ್ಥನೆಗೆ ಹೆದರಿಕೆಯೆಂದು ಹೆಸರಿಡುವ ಕಾಲೇಜಿಗೆ ಬಂದು ಸೇರಿದೆನಲ್ಲ ದೇವರೇ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು, ಶಬ್ದ ತೆಗೆದು ಇನ್ನೊಂದ್ಸಲ ನೋಡಿ ಅಂದರು.

ಶಬ್ದ ತೆಗೆದು ನೋಡಿದಳು. ಪರದೆಯ ಮೇಲೆ ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಾಳೆ, ಮುಖದ ಮೇಲೆ ಊಟವಾದ ಮೇಲಿನ ತೃಪ್ತಿ — ಮನೆಯಲ್ಲಿ ಇದನ್ನು ಹೇಳಿದಾಗ ಶಾಲೆಯಲ್ಲಿ ಲೆಕ್ಕ ಕಲಿಸುವ ಗಂಡ ಮಕ್ಕಳ ಉತ್ತರಪತ್ರಿಕೆಯಿಂದ ತಲೆ ಎತ್ತಿ, ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ಅಂತೀಯ ಎಂದು ನಕ್ಕ, ಅವಳು ನಗಲಿಲ್ಲ, ಅವನೂ ನಗು ನಿಲ್ಲಿಸಿ ಎದ್ದುಬಂದು ಚಹಾ ಇಟ್ಟ — ಆ ಹೆಂಗಸಿನ ಎದುರಿಗೆ ಡ್ರೈವರ್, ಅವನ ಕಣ್ಣು ಅಗಲವಾಗಿ ತೆರೆದಿತ್ತು, ಮುಚ್ಚಿದ ಎರಡು ರೆಪ್ಪೆಗಳನ್ನು ಮನೆ ಬಾಗಿಲು ಹಾಕಿದೆಯೇ ಎಂದು ನೋಡುವವನ ಹಾಗೆ ನೋಡುತ್ತಿದ್ದ, ಮತ್ತು ಮೇಜಿನ ಕೆಳಗೆ, ಅವಳು ಮೊದಲು ಗಮನಿಸಲೇ ಇಲ್ಲ, ಮೇಷ್ಟ್ರು ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು, ಅವನ ಬಲಗಾಲು. ಮಂಡಿ ನೆಟ್ಟಗಾಗಿತ್ತು, ಹಿಮ್ಮಡಿ ಊರಿ ಮುಂಗಾಲಿನಿಂದ ನೆಲವನ್ನು ಒತ್ತಿ ಹಿಡಿದಿದ್ದ, ಎಷ್ಟು ಬಲವಾಗಿ ಎಂದರೆ ಪ್ಯಾಂಟಿನ ಬಟ್ಟೆಯೊಳಗೆ ಮೀನಖಂಡ ಅದುರುವುದು ಪರದೆಯ ಮೇಲೂ ಕಾಣುತ್ತಿತ್ತು, ಎರಡು ನಿಮಿಷ ಇಪ್ಪತ್ತು ಸೆಕೆಂಡು, ಅವಳ ಪ್ರಾರ್ಥನೆ ಇರುವಷ್ಟು ಹೊತ್ತೂ. ಬ್ರೇಕು. ಅವನು ಬ್ರೇಕು ಒತ್ತುತ್ತಿದ್ದ. ಎಂಟು ತಿಂಗಳಾದರೂ ಆ ಬಸ್ಸು ಇನ್ನೂ ನಿಂತಿಲ್ಲ. ಅವಳ ಮೈಯೆಲ್ಲ ಜುಮ್ಮೆಂದಿತು, ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆಯಲ್ಲ, ದೊಡ್ಡ ಆರಾಧನೆಯಲ್ಲಿ ಎಲ್ಲರೂ ಎದ್ದು ನಿಂತಾಗ ಬೆನ್ನುಹುರಿಯಲ್ಲಿ ಏಳುವಂಥದ್ದು, ಇಷ್ಟೊಂದು ಇಲ್ಲಿತ್ತೇ, ನನ್ನಿಂದ ಎರಡೇ ಅಡಿ ದೂರದಲ್ಲಿ, ನಾನು ಕಣ್ಣು ಮುಚ್ಚಿಕೊಂಡಿದ್ದೆನೇ. ಆಮೆನ್ ಎಂದ ಕೂಡಲೇ ಕಾಲು ಹಿಂದಕ್ಕೆ ಸರಿಯಿತು, ಡ್ರೈವರ್ ಆಮೆನ್ ಅಂದ, ತುಂಬಾ ಸಮಾಧಾನ ಆಯ್ತು ಮೇಡಂ ಅಂದ, ಮುಂದಿನ ಮೂರು ಭೇಟಿಯಲ್ಲಿ ಮಂಡಿನೋವು, ರಜೆಯ ಅರ್ಜಿ, ಮಗಳ ಶಾಲೆ ಇಷ್ಟನ್ನೇ ಮಾತಾಡಿದ. ಮೇಷ್ಟ್ರು ಅಷ್ಟೆಲ್ಲ ನೋಡಿ ಒಂದೇ ಮಾತು ಹೇಳಿದರು, ಬೈಬಲಿನಲ್ಲಿ ಎಲ್ಲ ಕಳ್ಕೊಂಡು ಬೂದಿಯಲ್ಲಿ ಕೂತವನ ಪಕ್ಕ ಸ್ನೇಹಿತರು ಏಳು ದಿನ ಬಾಯಿ ಬಿಡದೆ ಕೂತ್ರು ನೋಡಿ, ಆ ಏಳು ದಿನ ಅವರು ಒಳ್ಳೇ ಸಮಾಲೋಚಕರಾಗಿದ್ರು, ಬಾಯಿ ಬಿಟ್ಮೇಲೆ ಕೆಟ್ರು.

ಸಮಾಧಾನ ಆಯ್ತು. ಈ ಮಾತನ್ನು ಎಲ್ಲಿ ಕೇಳಿದ್ದೆ — ತಂಗಿ, ಅಡುಗೆಮನೆಯ ಆ ಎತ್ತರದ ಸ್ಟೂಲು, ಹನ್ನೊಂದು ವರ್ಷದ ಹಿಂದೆ, ತಂಗಿ ಹೇಳದೆ ಕೇಳದೆ ಬೆಳಿಗ್ಗೆಯೇ ಬಂದು ಆ ಸ್ಟೂಲಿನ ಮೇಲೆ ಕೂತಿದ್ದಳು, ಹೆಗಲ ಚೀಲವನ್ನೂ ತೆಗೆದಿರಲಿಲ್ಲ, ಅಕ್ಕ ನಿನ್ಹತ್ರ ಒಂದು ವಿಷಯ ಹೇಳ್ಬೇಕು, ಅಷ್ಟು ಹೇಳಿದಳು, ಇವಳು ಒಲೆ ಆರಿಸಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾ ಮೊದ್ಲು ಪ್ರಾರ್ಥನೆ ಮಾಡೋಣ. ಕಣ್ಣು ಬಿಟ್ಟಾಗ ತಂಗಿ ಸ್ಟೂಲಿನಿಂದ ಇಳಿದಿದ್ದಳು, ಮುಖ ಒರೆಸಿಕೊಂಡಿದ್ದಳು, ಸಮಾಧಾನ ಆಯ್ತಕ್ಕ, ಬರ್ತೀನಿ, ಹೋದಳು. ಏನು ಹೇಳಲು ಬಂದಿದ್ದಳು ಎಂದು ಹನ್ನೊಂದು ವರ್ಷ ಕೇಳಲಿಲ್ಲ, ಪ್ರಾರ್ಥನೆ ಮಾಡಿಯಾಗಿತ್ತಲ್ಲ, ದೇವರ ಕೈಗೆ ಕೊಟ್ಟಾಗಿತ್ತಲ್ಲ, ಇನ್ನೇನು ಕೇಳುವುದು. ಆಮೇಲೆ ತಂಗಿ ಹಬ್ಬಹರಿದಿನಕ್ಕೆ ಫೋನು ಮಾಡುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ, ಹವಾಮಾನ ಹೇಳುತ್ತಾಳೆ, ತನ್ನ ಊರಲ್ಲಿ ಚಳಿ ಜಾಸ್ತಿ ಎನ್ನುತ್ತಾಳೆ, ಸ್ಟೂಲಿನ ಮೇಲೆ ಮತ್ತೆ ಕೂರಲಿಲ್ಲ. ಮಂಗಳವಾರ ಮೇಷ್ಟ್ರ ಕೋಣೆಯಿಂದ ಬಂದವಳೇ ಬಸ್‌ಸ್ಟಾಪಿನ ಬೆಂಚಿನ ಮೇಲಿಂದ ಫೋನು ಮಾಡಿದಳು, ಅವತ್ತು ನೀನು ಏನು ಹೇಳೋಕೆ ಬಂದಿದ್ದೆ? ಯಾವತ್ತಕ್ಕ? ಆಮೇಲೆ ಬರೀ ಉಸಿರು, ಆ ಕಡೆಯ ಉಸಿರು, ಇವಳ ನಾಲಿಗೆಯ ತುದಿಗೆ ಪ್ರಾರ್ಥನೆ ಬಂದು ಕುಣಿಯುತ್ತಿತ್ತು, ಹಲ್ಲು ಕಚ್ಚಿ ಹಿಡಿದಳು, ಒಂದು ಬಸ್ಸು ಬಂತು ಹೋಯಿತು, ಹನ್ನೊಂದು ವರ್ಷ ಆದ್ಮೇಲೆ ಕೇಳ್ತಿದ್ಯಲ್ಲೇ ಅಂದಳು ತಂಗಿ, ಬೈಗುಳವೋ ಅಳುವೋ ತಿಳಿಯಲಿಲ್ಲ, ಆಮೇಲೆ, ಭಾನುವಾರ ಬರ್ತೀನಿ, ಆ ಸ್ಟೂಲು ಇದ್ಯಾ? ಇದೆ ಕಣೇ, ಇದೆ. ಒಂದು ಕಾಲು ಕುಂಟುತ್ತದೆ, ಕೆಳಗೆ ಕಾಗದ ಮಡಿಚಿ ಇಟ್ಟಿದ್ದೇವೆ, ಆದರೆ ಇದೆ.

ಹತ್ತೂ ಹದಿಮೂರು. ಗಡಿಯಾರವನ್ನು ಡ್ರೈವರನ ತಲೆಯ ಹಿಂದೆ, ಅವಳು ಕತ್ತು ತಿರುಗಿಸದೆ ನೋಡುವಂತೆ ನೇತುಹಾಕಿದ್ದಾರೆ, ಅದೂ ಪಾಠವೇ, ಕುರ್ಚಿಗಳು ಎದುರುಬದುರಲ್ಲ ಒಂದಿಷ್ಟು ಓರೆ, ಅದೂ ಪಾಠ, ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಬಾರದು, ತಳ್ಳಿದರೆ ಅಳು ಸಾಕು ಎಂದ ಹಾಗೆ, ಕೈಗೆ ಎಟಕುವಲ್ಲಿ ಇಟ್ಟು ಮರೆತುಬಿಡಬೇಕು. ಪ್ರಾರ್ಥನೆ ಬೇಡವೆಂದು ಯಾರೂ ಹೇಳಿಲ್ಲ, ಈ ಕಾಲೇಜಿನ ಕಟ್ಟಡದ ಮಧ್ಯದಲ್ಲೇ ಪ್ರಾರ್ಥನಾಮಂದಿರವಿದೆ, ದಿನಾ ಬೆಳಿಗ್ಗೆ ಅಲ್ಲಿ ಹಾಡಿಯೇ ತರಗತಿಗೆ ಬರುವುದು, ಆದರೆ ಈ ಕೋಣೆಯಲ್ಲಿ ಅವರಾಗಿ ಕೇಳಿದರೆ ಮಾತ್ರ, ಕೇಳಿದರೂ ಏನೆಂದು ಮಾಡಲಿ ಎಂದು ಮೊದಲು ಅವರನ್ನೇ ಕೇಳಬೇಕು. ಡ್ರೈವರ್ ಬಾಯಿ ತೆರೆಯುತ್ತಿಲ್ಲ. ಒಂದು ನಿಮಿಷದ ಮೌನ ಇಷ್ಟು ಉದ್ದ ಇರುತ್ತದೆಂದು ಯಾರು ಕಂಡಿದ್ದರು, ಕಿವಿಯಲ್ಲಿ ಅವನ ಉಸಿರು, ಮೂಗಿನಿಂದ ಒಳಗೆ, ತಡೆದು, ಹೊರಗೆ — ಈ ಉಸಿರು, ಅಯ್ಯೋ ಈ ಉಸಿರು ಗೊತ್ತು ನನಗೆ, ಒಂಬತ್ತು ವರ್ಷ ಆಗ, ಅಮ್ಮನ ಮಂಚದ ಪಕ್ಕ ಕೂರಿಸಿ ಅಪ್ಪ ಹೇಳಿದ್ದು, ಪ್ರಾರ್ಥನೆ ಮಾಡ್ತಾ ಇರು ಮಗಳೇ ನಿಲ್ಲಿಸ್ಬೇಡ, ಜೋರಾಗಿ ಮಾಡಿದಳು, ತನ್ನ ದನಿ ಇರುವಷ್ಟು ಹೊತ್ತು ಅಮ್ಮನ ಉಸಿರು ಕೇಳಿಸುತ್ತಿರಲಿಲ್ಲ, ನೀರು ಕುಡಿಯಲು ನಿಲ್ಲಿಸಿದರೆ ಕೇಳಿಸುತ್ತಿತ್ತು, ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಳು, ಮೂರನೆಯ ದಿನ ಗಂಟಲು ಒಡೆದು ದನಿ ನಿಂತಾಗ ಉಸಿರೂ ಇರಲಿಲ್ಲ. ಭಯ, ಪ್ರಶ್ನಾರ್ಥಕ ಚಿಹ್ನೆ. ಹೌದು ಸಾರ್, ಭಯ, ಚಿಹ್ನೆ ಅಳಿಸಿಹಾಕಿ. ಮೂವತ್ತು ವರ್ಷ ಸಭೆಯವರ ದುಃಖದ ಪಕ್ಕದಲ್ಲಿ ಕೂತು ಒಂಬತ್ತು ವರ್ಷದ ಹುಡುಗಿ ಜೋರಾಗಿ ಪ್ರಾರ್ಥಿಸುತ್ತಿದ್ದಾಳೆ, ಆ ಉಸಿರು ಕೇಳಿಸಬಾರದೆಂದು. ಪಾಪ, ಎನಿಸಿತು ಅವಳಿಗೆ, ಆ ಹುಡುಗಿಯ ಮೇಲೆ ಕೋಪ ಬರಲಿಲ್ಲ, ಸಾಕು ಮಗಳೇ, ನೀರು ಕುಡಿ ಎಂದು ಅವಳಿಗೆ ಹೇಳಬೇಕೆನಿಸಿತು.

ಹತ್ತೂ ಹದಿನಾರು, ನಾಲ್ಕು ನಿಮಿಷ ದಾಟಿರಬೇಕು, ಮತ್ತು ಏನೋ ಬದಲಾಯಿತು, ಏನೆಂದು ಹೇಳುವುದು, ಲೋಟದ ನೀರು ಹಾಗೇ ಇದೆ, ಕಿಟಕಿಯ ಬಿಸಿಲು ಮೇಜಿನ ಅರ್ಧಕ್ಕೆ ಬಂದಿದೆ, ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರು, ಅಷ್ಟೇ, ಆದರೆ ಮೌನ ಖಾಲಿಯಾಗಿಲ್ಲ, ತುಂಬಿದೆ, ಇಬ್ಬರೇ ಇದ್ದ ಕೋಣೆಯಲ್ಲಿ ಇಬ್ಬರೇ ಇಲ್ಲ. ಅವಳು ಉಸಿರಾಡುವುದನ್ನೂ ಮೆಲ್ಲಗೆ ಮಾಡಿದಳು. ಇಷ್ಟು ವರ್ಷ ಬಾ ಬಾ ಎಂದು ಕೂಗಿ ಕರೆದದ್ದು ಯಾರನ್ನು, ಮೊದಲೇ ಬಂದು ಕೂತಿದ್ದ ದೇವರನ್ನು, ಅವನ ಎದುರಿಗೇ ಕಣ್ಣು ಮುಚ್ಚಿಕೊಂಡು ಅವನನ್ನೇ ಕರೆಯುತ್ತಿದ್ದೆನಲ್ಲ, ಅವನೆಷ್ಟು ನಕ್ಕಿರಬೇಕು, ನಗು ಬಂತು ಅವಳಿಗೂ, ಕಣ್ಣಂಚಿನಲ್ಲಿ ನೀರೂ ಬಂತು, ಕಣ್ಣು ಮುಚ್ಚಲಿಲ್ಲ. ಈ ಮನುಷ್ಯನ ಹಣೆಯ ಗೆರೆ, ಕೆನ್ನೆಯ ಮೇಲೆ ಬ್ಲೇಡು ತಪ್ಪಿದ ನಾಲ್ಕು ಕೂದಲು, ಉಗುರಿನ ಸುತ್ತ ಇಂದಿಗೂ ಹೋಗದ ಎಣ್ಣೆಯ ಕಪ್ಪು, ಇಷ್ಟನ್ನು ಇಷ್ಟು ಹೊತ್ತು ನೋಡಬಹುದೆಂದೇ ಗೊತ್ತಿರಲಿಲ್ಲ, ನೋಡುವುದೇ ಪ್ರಾರ್ಥನೆಯಿರಬಹುದೇ, ದೇವರು ನಮ್ಮನ್ನು ಹೀಗೇ ನೋಡುತ್ತಿರಬಹುದೇ, ಅವಸರವಿಲ್ಲದೆ. ಮೇಜಿನ ಕೆಳಗೆ ಬಲಗಾಲು ಮುಂದೆ ಸರಿದಿದೆ. ಮಂಡಿ ನೆಟ್ಟಗಾಗುತ್ತಿದೆ. ಒತ್ತಿದ. ಪಾಲಿಶ್ ಹಚ್ಚಿದ ಕಪ್ಪು ಬೂಟು, ಡ್ಯೂಟಿ ಇಲ್ಲದಿದ್ದರೂ ಪಾಲಿಶ್, ತುದಿಯ ಚರ್ಮ ಸುಕ್ಕಾಗುವಷ್ಟು ಒತ್ತಿದ, ಮತ್ತು ಅವಳು ಅದನ್ನು ನೋಡಿದಳು, ಅವಳು ನೋಡುತ್ತಿರುವುದನ್ನು ಅವನೂ ನೋಡಿದ.

ಕೈ ಎತ್ತಿದ್ರು ಮೇಡಂ. ದನಿ ಎಲ್ಲಿಂದಲೋ ಬಂದ ಹಾಗಿತ್ತು. ಆ ಮುದುಕರು, ಯಾರೆಂದು ಇಬ್ಬರಿಗೂ ಗೊತ್ತು. ಲಾರಿ ಹಿಂದಿಂದ ಬಂದ್ರು, ನನ್ನ ಮುಖ ನೋಡಿದ್ರು, ನೋಡಿ ಕೈ ಎತ್ತಿದ್ರು, ಹೀಗೆ — ಡ್ರೈವರನ ಬಲಗೈ ಭುಜದ ಮಟ್ಟಕ್ಕೆ ಎದ್ದಿತು, ಅಂಗೈ ಹೊರಗೆ, ಬಸ್ಸು ನಿಲ್ಲಿಸಿ ದಾರಿ ಬಿಟ್ಟವನಿಗೆ ಜನ ದಿನಾ ಎತ್ತುವ ಕೈ — ಥ್ಯಾಂಕ್ಸ್ ಅಂತ. ನಾನು ನಿಲ್ಲಿಸ್ದೆ ಅಂದ್ಕೊಂಡು. ಬ್ರೇಕ್ ಮೇಲೇ ಇತ್ತು ಕಾಲು, ಪೂರ್ತಿ ಒತ್ತಿದ್ದೆ, ಗಾಡಿ ಜಾರ್ತಿತ್ತು, ಅವ್ರು ಥ್ಯಾಂಕ್ಸ್ ಅಂತ ಕೈ ಎತ್ಕೊಂಡು ನಗ್ತಾ ಇದ್ರು. ವಿಚಾರಣೇಲಿ ಸ್ಪೀಡು ಎಷ್ಟು ಕೇಳಿದ್ರು, ಎಷ್ಟು ಅಡಿ ಕೇಳಿದ್ರು, ಕೈ ಎತ್ತಿದ್ರಾ ಅಂತ ಯಾರೂ ಕೇಳ್ಲಿಲ್ಲ. ಹೆಂಡತಿಗೂ ಹೇಳಿಲ್ಲ. ಎಲ್ಲರೂ ನಿಂದು ತಪ್ಪಿಲ್ಲ ಅಂತಾರೆ, ಗೊತ್ತು ಮೇಡಂ ತಪ್ಪಿಲ್ಲ ಅಂತ, ಆದ್ರೆ ನನ್ನ ನಂಬಿದ್ರಲ್ಲ. ಈಗ, ಈಗ ಹೇಳಬೇಕು ಎಂದು ಅವಳೊಳಗೆ ನೂರು ಮಾತು ನಾ ಮುಂದೆ ತಾ ಮುಂದೆ ಎಂದು ನುಗ್ಗಿದವು, ದೇವರು ಕ್ಷಮಿಸಿದ್ದಾನೆ, ಅವರು ಶಾಂತಿಯಲ್ಲಿದ್ದಾರೆ, ನಿಮ್ಮ ಭಾರ ಇಳಿಸಿಬಿಡಿ, ಒಂದೊಂದೂ ನಿಜ, ಒಂದೊಂದೂ ಬಾಗಿಲು ಮುಚ್ಚುವ ಚಿಲಕ. ಕೈ ತೊಡೆಯ ಮೇಲೆ ಬಿಚ್ಚಿಕೊಂಡೇ ಇತ್ತು. ನಿಮ್ಮನ್ನ ನಂಬಿ ನಕ್ರು, ಅಂದಳು, ಅಷ್ಟೇ, ಅವನ ಮಾತನ್ನೇ ಅವನಿಗೆ ಹಿಂದಕ್ಕೆ ಕೊಟ್ಟಳು. ಹೌದು, ಅಂದ ಡ್ರೈವರ್, ಹೌದು ಮೇಡಂ, ನಕ್ರು, ಎಂದು ಅತ್ತ, ದೊಡ್ಡ ಮನುಷ್ಯ ಅಳುವ ಹಾಗಲ್ಲ, ಹೆಗಲು ಕುಣಿಸಿಕೊಂಡು, ಮೂಗು ಸುರಿಸಿಕೊಂಡು, ಟಿಶ್ಯೂ ಡಬ್ಬಿ ಇದ್ದಲ್ಲೇ ಇತ್ತು. ಅವಳಿಗೆ ಹೆದರಿಕೆಯಾಗಲಿಲ್ಲ. ಪರೀಕ್ಷೆ ನೆನಪಿಗೂ ಬರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ, ಗಡಿಯಾರ ನೋಡಲಿಲ್ಲ, ಅವನು ತೋಳಿನಿಂದ ಮುಖ ಒರೆಸಿಕೊಂಡು, ಈಗ ಬೇಕಾದ್ರೆ ಪ್ರಾರ್ಥನೆ ಮಾಡಿ ಮೇಡಂ ಅಂದ. ಏನಂತ ಮಾಡ್ಲಿ? ಪಾಠದ ಪ್ರಶ್ನೆ, ಆದರೆ ಪಾಠವೆಂದು ಕೇಳಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ, ಪ್ರಾರ್ಥನೆ ಅಕ್ಕನಿಗೆ ಜೀವನದಲ್ಲಿ ಮೊದಲ ಸಲ ಏನೆಂದು ಪ್ರಾರ್ಥಿಸಬೇಕೆಂದು ಗೊತ್ತಿರಲಿಲ್ಲ, ಎಂಥ ಹಗುರ ಅದು. ಅವನು ಯೋಚಿಸಿದ, ಸೋಮವಾರದ್ದು ಸೋಮವಾರ ನೋಡ್ಕೊಳ್ಳೋಣ, ಅದೆಲ್ಲ ಬೇಡ, ಅವ್ರ ಹೆಸರು ಹೇಳಿ ಸಾಕು, ನಾನು ಹೇಳಕ್ಕಾಗಲ್ಲ, ನೀವು ಹೇಳಿ, ಎಂದು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಕೈಗೆ ಕೊಟ್ಟ, ವಿಚಾರಣೆಯ ವರದಿ, ಮಡಿಕೆಗಳು ಹರಿದು ಬಟ್ಟೆಯಂತಾಗಿದ್ದವು, ನಡುವೆ ಒಂದು ಹೆಸರು. ಅವಳು ಆ ಹೆಸರನ್ನು ಹೇಳಿದಳು. ಮೆಲ್ಲಗೆ, ಪೂರ್ತಿಯಾಗಿ, ತಂದೆಯ ಹೆಸರೂ ಸೇರಿಸಿ. ಕಣ್ಣು ಮುಚ್ಚಲಿಲ್ಲ, ಆಮೆನ್ ಎನ್ನಲಿಲ್ಲ, ಹೊರಗೆ ಇನ್ನೊಂದು ಬಸ್ಸು ಬಂತು, ಲೋಟದ ನೀರು ನಡುಗಿತು, ಬಸ್ಸು ನಿಧಾನವಾಯಿತು, ಉಸ್ ಎಂದು ಗಾಳಿ ಬಿಟ್ಟು ನಿಂತಿತು, ಬಾಗಿಲು ತೆರೆದ ಸದ್ದು, ಯಾರೋ ಇಳಿದ ಸದ್ದು, ಮತ್ತು ಮೇಜಿನ ಕೆಳಗೆ — ಭಾನುವಾರ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ತಂಗಿ ಕೂತಾಗಲೂ ಹೀಗೇ ಕಣ್ಣು ಬಿಟ್ಟುಕೊಂಡು, ಒಲೆ ಆರಿಸಿ, ಹೀಗೇ — ಮೇಜಿನ ಕೆಳಗೆ, ಮಂಡಿ ಮಡಿಚಿಕೊಳ್ಳುತ್ತಿದೆ, ಮೀನಖಂಡ ಅದುರುತ್ತಿಲ್ಲ, ಕಪ್ಪು ಬೂಟಿನ ತುದಿ ಎದ್ದಿತು, ನೆಲದಿಂದ ಒಂದು ಬೆರಳು ಮೇಲೆ, ಅಲ್ಲೇ ನಿಂತಿತು, ಬೂಟು, ನೆಲ, ನಡುವೆ ಒಂದು ಬೆರಳಿನಷ್ಟು ಬಿಸಿಲು, ಅವನ ಬಲಗಾಲು, ಎಂಟು ತಿಂಗಳಾದ ಮೇಲೆ, ಮೇಲೆ, ಒಂದು ಬೆರಳಿನಷ್ಟು ಮೇಲೆ